ಕಲ್ಲುಗಳ ಜೊತೆ ಹೋದ ಚೂರು

ಬೈರಿದೇವರಕೊಪ್ಪದಲ್ಲಿ ಅಣ್ಣನ ಮಗ ಮಿಲಿಂದ ಕಟ್ಟಿಸಿದ ಹೊಸ ಮನೆಯ ಗೃಹಪ್ರವೇಶ. ಎರಡನೆಯ ಪಂಕ್ತಿಯಲ್ಲಿ ಕೂತ ಏಕನಾಥ ನಾಡಗೇರರ ಎಲೆಗೆ ಬಡಿಸುವವನು ಒಂದು ಬದನೆಕಾಯಿ ಎಣ್ಣೆಗಾಯಿ ಇಟ್ಟು ಮುಂದೆ ಹೋದ. ಹೆಬ್ಬೆರಳಿಗಿಂತ ತುಸು ದಪ್ಪ, ನೇರಳೆಗೆ ಹಸಿರು ಬಳಿದ ಬಣ್ಣ, ಎಣ್ಣೆಯಲ್ಲಿ ಮಿರುಗುವ ಮೈ. ಏಕನಾಥರು ಅದನ್ನು ಕುತ್ತಿಗೆ ಎಡಕ್ಕೆ, ತಳ ಬಲಕ್ಕೆ ಬರುವಂತೆ ಅಡ್ಡ ಮಲಗಿಸಿದರು. ಹೆಬ್ಬೆರಳ ಉಗುರಿನಿಂದ ಆ ತುದಿಯಿಂದ ಈ ತುದಿಗೆ ಒಂದೇ ಎಳೆತಕ್ಕೆ ಸೀಳಿದರು. ಎರಡೂ ಬದಿ ಬಿಡಿಸಿ, ಮಸಾಲೆಯನ್ನು ಪಕ್ಕಕ್ಕೆ ಸರಿಸಿ, ಒಳಗೋಡೆಯನ್ನು ಬೆರಳಿನಿಂದ ಸವರಿ, ಗಟ್ಟಿ ದನಿಯಲ್ಲಿ ಹೇಳಿದರು:

"ಉದ್ದ ಏಳು ಸೆಂಟಿಮೀಟರ್. ಗೋಡಿ ದಪ್ಪ ಮೂರು ಮಿಲಿಮೀಟರ್. ಒಳಗ ಕಲ್ಲಿಲ್ಲ."

ಪಕ್ಕದ ಎಲೆಯಲ್ಲಿ ಮಿಲಿಂದನ ಮಾವನವರಿದ್ದರು. ತುತ್ತು ಬಾಯಿಯ ಬಳಿಯೇ ನಿಂತಿತು. "ಏನಂದ್ರಿ? ಕಲ್ಲ? ಬದನಿಕಾಯಾಗ?"

ಮಿಲಿಂದ ತುಪ್ಪದ ಪಾತ್ರೆ ಹಿಡಿದುಕೊಂಡೇ ಓಡಿಬಂದ. "ತಪ್ಪು ತಿಳೀಬ್ಯಾಡ್ರಿ ಮಾವಾರ. ನಮ್ಮ ಕಾಕಾ ಕೇಶ್ವಾಪುರದಾಗ ಲ್ಯಾಬಿನಾಗ ಇರ್ತಾರ. ಆಪರೇಶನ್ ಮಾಡಿ ತಗದ ಪಿತ್ತಕೋಶ ಕೊಯ್ದು ನೋಡೂ ಕೆಲಸ. ದಿನಾ ಹಿಂಗ ಸೀಳಿ, ಬಾಯಿಲೆ ಹೇಳಿ ಫೋನಿನಾಗ ರೆಕಾರ್ಡ್ ಮಾಡ್ತಾರ. ರೂಢಿ."

ಸಮಾಧಾನ ಹೇಳಲು ಬಂದವನು ಹೇಳಬಾರದ್ದನ್ನೆಲ್ಲ ಹೇಳಿ ಮುಗಿಸಿದ್ದ. ಮಾವನವರು ತಮ್ಮ ಎಲೆಯ ಮೇಲಿನ ಎಣ್ಣೆಗಾಯಿಯನ್ನು ಒಂದು ಸಲ ನೋಡಿದರು, ಏಕನಾಥರ ಉಗುರನ್ನು ಒಂದು ಸಲ ನೋಡಿದರು. ಆಮೇಲೆ ಅವರಿಗೆ ಫ್ಯಾನಿನ ಗಾಳಿ ಸಾಲದೆ ಹೋಯಿತು. ಎದ್ದು ಆಚೆ ಸಾಲಿಗೆ ಹೋದರು. ಇನ್ನೊಂದು ಬದಿಯವರಿಗೂ ಗಾಳಿ ಸಾಲಲಿಲ್ಲ. ಮೂವತ್ತು ಜನರ ಪಂಕ್ತಿಯಲ್ಲಿ ಏಕನಾಥರ ಅತ್ತ ಒಂದು, ಇತ್ತ ಒಂದು ಎಲೆ ಖಾಲಿ. ಅವರು ತಲೆ ತಗ್ಗಿಸಿ ಬದನೆಕಾಯಿ ತಿಂದರು. ಚೆನ್ನಾಗಿತ್ತು. ಚೆನ್ನಾಗಿದೆ ಎಂದು ಹೇಳಲು ಪಕ್ಕದಲ್ಲಿ ಯಾರೂ ಇರಲಿಲ್ಲ.

ಏಕನಾಥರಿಗೆ ಐವತ್ತೆಂಟು. ಹೆಸರಿನ ಮೊದಲರ್ಧವನ್ನು ಅವರು ಅಕ್ಷರಶಃ ಪಾಲಿಸಿದ್ದರು. ಎರಡನೆಯರ್ಧಕ್ಕೆ ಪ್ರಸಂಗ ಒದಗಲಿಲ್ಲ. ಪ್ರಾಯದಲ್ಲಿ ಎರಡು ಕನ್ಯೆ ನೋಡಿದ್ದುಂಟು. ಮೊದಲನೆಯ ಮನೆಯವರು ಪತ್ರ ಬರೆಯುತ್ತೇವೆಂದರು, ಬರೆಯಲಿಲ್ಲ. ಎರಡನೆಯವಳು ನೇರವಾಗಿ, "ಎಂಥಾ ಕೆಲಸರಿ ನಿಮ್ದು?" ಎಂದು ಕೇಳಿದಳು. ಏಕನಾಥರು ಸುಳ್ಳು ಹೇಳುವವರಲ್ಲ. ಉಪ್ಪಿಟ್ಟಿನ ತಾಟು ಕೈಯಲ್ಲಿ ಹಿಡಿದುಕೊಂಡೇ ಎಲ್ಲವನ್ನೂ ವಿವರಿಸಿದರು. ಹೀಗಾಗಿ ಮೂವತ್ತೊಂದು ವರ್ಷ ವರದಿಗಳ ನಡುವೆ ಬದುಕಿದ ಮನುಷ್ಯ ವರ ಮಾತ್ರ ಆಗಲಿಲ್ಲ. ಅವರ ಬಾಳಿನಲ್ಲಿ ಇದ್ದ ಬಹುವಚನವೆಂದರೆ ಜನ ಕೊಡುವ ಮರ್ಯಾದೆಯದೊಂದೇ.

ಅಂಗಾಂಶ ಕೊಳೆಯದಂತೆ ಮುಳುಗಿಸಿಡುವ ಫಾರ್ಮಲಿನ್ ದ್ರವದ ಘಾಟು ಅವರ ಅಂಗಿ, ಕೂದಲು, ಕೈಚೀಲಗಳಿಗೆಲ್ಲ ಹತ್ತಿತ್ತು. ಅವರಿಗೆ ಅದು ತಿಳಿಯುತ್ತಿರಲಿಲ್ಲ. ಮೂಗು ಸತ್ತು ಹದಿನೈದು ವರ್ಷವಾಗಿತ್ತು. ಬಸ್ಸಿನಲ್ಲಿ ಪಕ್ಕದ ಸೀಟು ಖಾಲಿ ಉಳಿದಾಗ ಮಾತ್ರ ಘಾಟು ಇನ್ನೂ ಇದೆ ಎಂದು ಅಂದಾಜಿಸಿಕೊಳ್ಳುತ್ತಿದ್ದರು. ಫಾರ್ಮಲಿನ್ನಿನ ಸಹವಾಸದಲ್ಲಿ ಇನ್‌ಫಾರ್ಮಲ್ ಆಗುವುದನ್ನು ಅವರು ಕಲಿಯಲೇ ಇಲ್ಲ.

ಲ್ಯಾಬಿನಲ್ಲಿ ಅವರಿಗೆ ರೋಗಿಗಳ ಪರಿಚಯವಿತ್ತು, ಮುಖಗಳ ಪರಿಚಯವಿರಲಿಲ್ಲ. ಊರಿನ ಎಷ್ಟೋ ಜನರ ಅಪೆಂಡಿಕ್ಸು ಅವರಿಗೆ ಗೊತ್ತು. ಅದೇ ಜನ ದುರ್ಗದಬೈಲಿನ ಪೇಟೆಯಲ್ಲಿ ಎದುರಾದರೆ ಗೊತ್ತಾಗುತ್ತಿರಲಿಲ್ಲ. ಪಿತ್ತ ನೆತ್ತಿಗೇರಿದವರ ಜೊತೆ ಅವರಿಗೆ ವ್ಯವಹಾರವಿಲ್ಲ, ಪಿತ್ತ ಬಾಟಲಿಗಿಳಿದವರ ಜೊತೆ ಮಾತ್ರ. ದೊಡ್ಡ ಅಂಗಗಳನ್ನು ಡಾಕ್ಟರ್ ಋತುಜಾ ಸ್ವತಃ ಕೊಯ್ಯುತ್ತಿದ್ದಳು. ಮೂವತ್ತಾರರ, ಚುರುಕು ಬಾಯಿಯ ಹೆಣ್ಣುಮಗಳು. ಏಕನಾಥರನ್ನು ಕಾಕಾ ಎಂದು ಕರೆಯುವ ಇಬ್ಬರಲ್ಲಿ ಒಬ್ಬಳು. ಪಿತ್ತಕೋಶ, ಅಪೆಂಡಿಕ್ಸು ಏಕನಾಥರ ಪಾಲು. ಪಿತ್ತಕೋಶ ಬಂದರೆ ಸೀಳಬೇಕು, ಅಳೆಯಬೇಕು, ಕುತ್ತಿಗೆಯಿಂದ ಒಂದು, ನಡುವಿನಿಂದ ಒಂದು, ತಳದಿಂದ ಒಂದು ಚೂರು ತೆಗೆದು ಮೇಣದಲ್ಲಿ ಕೂರಿಸಬೇಕು. ನೂರಕ್ಕೆ ತೊಂಬತ್ತೆಂಟು ಸಲ ವರದಿ ಒಂದೇ: ಹಳೆಯ ಉರಿಯೂತ, ಹೆದರಬೇಕಾದದ್ದೇನಿಲ್ಲ.

ಗೃಹಪ್ರವೇಶವಾದ ಕೆಲವು ದಿನಗಳ ಮೇಲೆ ಒಂದು ದಿನ ಹಿಂಗಾರಿನ ಮೋಡ ಮಧ್ಯಾಹ್ನದಿಂದಲೇ ಕಟ್ಟಿತ್ತು. ನಾಲ್ಕು ಗಂಟೆಗೆ ಶಿರಗುಪ್ಪಿಯ ಶಂಭುಲಿಂಗ ಎಂಬ ಹತ್ತಿ ವ್ಯಾಪಾರಿ, ಆಪರೇಶನ್ ಆಗಿ ಹತ್ತು ದಿನ ಕಳೆದ ಮೇಲೆ, ತನ್ನ ತಾಯಿಯ ಪಿತ್ತಕೋಶವನ್ನು ಉಪ್ಪಿನಕಾಯಿ ಬಾಟಲಿಯಲ್ಲಿ ತಂದುಕೊಟ್ಟು ಹೋದ. ತಾಯಿ ಬಾಳವ್ವ, ವಯಸ್ಸು ಅರವತ್ತೆರಡು. ನಮ್ಮ ಕಡೆ ಪದ್ಧತಿಯೇ ಹಾಗೆ: ಆಪರೇಶನ್ ಮುಗಿದೊಡನೆ ಕೋಶವನ್ನು ಅಲ್ಲೇ ಕತ್ತರಿಸಿ, ಒಳಗಿನ ಕಲ್ಲುಗಳನ್ನು ಸಣ್ಣ ಬಾಟಲಿಗೆ ಸುರಿದು ಮನೆಯವರ ಕೈಗಿಡುತ್ತಾರೆ. ಕಲ್ಲು ಕಣ್ಣಿಗೆ ಕಾಣದಿದ್ದರೆ ಆಪರೇಶನ್ ಆಗಿದೆ ಎಂದು ನಂಬುವವರು ಯಾರು? ಕಲ್ಲು ಮನೆಗೆ ಹೋಗುತ್ತದೆ, ಬೀಗರು ಬಿಜ್ಜರು ನೋಡುತ್ತಾರೆ. ಖಾಲಿ ಚೀಲ ಲ್ಯಾಬಿಗೆ ಬರುತ್ತದೆ.

ಏಕನಾಥರು ಎಂದಿನಂತೆ ಅಳೆದರು, ಮೂರು ಚೂರು ತೆಗೆದರು. ಐದೂವರೆಗೆ ಮಳೆ ಬರುವ ಮೊದಲೇ ಎಲ್ಲರೂ ಸ್ಕೂಟರ್ ಹತ್ತಿ ಹೋದರು. ಆಮೇಲೆ ಮಳೆ ಸುರಿಯತೊಡಗಿತು. ಏಕನಾಥರು ಬಾಟಲಿಗೆ ವಾಪಸು ಹಾಕಿದ್ದ ಪಿತ್ತಕೋಶವನ್ನು ಮತ್ತೆ ಹೊರತೆಗೆದರು. ನಲ್ಲಿಯ ಕೆಳಗೆ ಹಿಡಿದು ಪಿತ್ತದ ಲೋಳೆಯನ್ನು ನಿಧಾನವಾಗಿ ತೊಳೆದರು. ಹಸಿರು ಮಖಮಲ್ಲಿನಂಥ ಒಳಮೈ. ನಡುವೆ ಒಂದು ಕಡೆ, ಉಗುರಿನಗಲದಷ್ಟು ಜಾಗದಲ್ಲಿ, ಮಖಮಲ್ಲು ಪಾಚಿಯಂತೆ ಒರಟಾಗಿತ್ತು. ಪಾಚಿಯ ನಡುವೆ ಎರಡು ಮಿಲಿಮೀಟರಿನ ಒಂದು ಮೊಟಕು, ಹೂ ಕಿತ್ತ ಮೇಲೆ ಗಿಡದಲ್ಲಿ ಉಳಿಯುವ ತೊಟ್ಟಿನ ಹಾಗೆ.

ತೊಟ್ಟಿತ್ತು. ಹೂ ಇರಲಿಲ್ಲ.

ಆ ಜಾಗವನ್ನೆಲ್ಲ ಕತ್ತರಿಸಿ ಬೇರೆಯಾಗಿ ಇಟ್ಟರು. ಮೂರನೆಯ ದಿನ ಸ್ಲೈಡು ತಯಾರಾಗಿ ಡಾಕ್ಟರ್ ಋತುಜಾಳ ಸೂಕ್ಷ್ಮದರ್ಶಕದ ಕೆಳಗೆ ಹೋಯಿತು. ಆಕೆ ಬಹಳ ಹೊತ್ತು ತಲೆಯೆತ್ತಲಿಲ್ಲ. ಚಹಾ ಆರಿ ಕೆನೆ ಕಟ್ಟಿತು.

"ಕಾಕಾ, ಈ ಗಡ್ಡಿ ಎಲ್ಲೆದ?"

"ಇಲ್ರಿ ಮೇಡಂ. ಬರೇ ಬುಡ ಬಂದದ."

"ಇದು ಸಾದಾ ಪಾಲಿಪ್ ಅಲ್ಲ. ಪಿತ್ತಕೋಶದ ಒಳಮೈ ಮ್ಯಾಲೆ ಬೆಳಿಯೂ ಗಡ್ಡಿ. ಕ್ಯಾನ್ಸರ್ ಅಲ್ಲ, ಆದ್ರ ಕ್ಯಾನ್ಸರಿನ ಹೊಸ್ತಲ ಮ್ಯಾಲೆ ಕಾಲಿಟ್ಟು ನಿಂತದ. ಅಪರೂಪದ್ದು. ನಾ ಈ ಕೆಲಸಕ್ಕ ಬಂದ ಮ್ಯಾಲೆ ಇದು ಎರಡನೇದು. ಗಿಡದಂಗ ಒಳಗಿನ ಪೊಳ್ಳಿಗೇ ಬೆಳೀತದ, ಬುಡ ಭಾಳ ಸಡಿಲ, ಕೈ ಹತ್ತಿದ್ರ ಉದುರ್ತದ."

"ಹಂಗಾರ ಕಲ್ಲಿನ ಜೋಡಿ ಹೋಗಿರಬೇಕು," ಅಂದರು ಏಕನಾಥರು.

"ಅದ ನನ್ನ ಚಿಂತಿ. ಇಂಥಾದ್ರಾಗ ಹೆಚ್ಚು ಕಡಿಮಿ ಅರ್ಧಕ್ಕರ್ಧದಾಗ, ಎಲ್ಲೋ ಒಂದು ಮೂಲ್ಯಾಗ, ಖರೇ ಕ್ಯಾನ್ಸರ್ ಕೂತಿರ್ತದ. ಇಡೀ ಗಡ್ಡಿ ನೋಡಬೇಕು, ಇಡೀ ಗೋಡಿನೂ ನೋಡಬೇಕು. ಗೋಡಿ ನಮ್ಮ ಹಂತ್ಯಾಕ ಅದ. ಗಡ್ಡಿ ಸಿಗದಿದ್ರ 'ಹೇಳಲಿಕ್ಕೆ ಬರೂದಿಲ್ಲ' ಅಂತ ಬರೀಬೇಕು. ಹಂಗ ಬರದ್ರ ಸರ್ಜನ್ ಸುಮ್ಮನ ಕೂಡೂದಿಲ್ಲ. ಆ ಹೆಣಮಗಳ ಹೊಟ್ಟಿ ಮತ್ತ ಕೊಯ್ತಾರ, ಲಿವರಿನ ಒಂದು ತುಂಡು ತಗೀತಾರ. ಬೇಕಾಗಿತ್ತೋ ಬ್ಯಾಡಾಗಿತ್ತೋ, ಆ ದೇವರಿಗೇ ಗೊತ್ತು."

ಏಕನಾಥರು ಶಂಭುಲಿಂಗನಿಗೆ ಫೋನ್ ಹಚ್ಚಿದರು. ಆಚೆಯಿಂದ ಹತ್ತಿ ಮಾರುಕಟ್ಟೆಯ ಗದ್ದಲ.

"ಕಲ್ಲಿನ ಬಾಟ್ಲಿ? ಮನ್ಯಾಗ ಐತ್ರಿ. ಅವ್ವ ಯಾರಿಗೂ ಮುಟ್ಟಾಕ ಕೊಡಂಗಿಲ್ಲ. ಬಂದವರಿಗೆಲ್ಲ ತಾನ ತೋರಸ್ತಾಳ. ನಾ ಈಗ ಗದಗದಾಗ ಅದೇನಿ, ಸಂಜಿಗಿ ತರ್ಲೇನು?"

"ಸಂಜಿಗೆ ತಂದ್ರ ನಡೀತದ. ಬಾಟ್ಲಿ ಹೆಂಗದನೋ ಹಂಗ ಇರ್ಲಿ, ಒಳಗಿಂದು ಏನೂ ಚೆಲ್ಲಬಾರದು."

"ಅಲ್ರಿ… ನಾಳೆ ಬೀಗರು ಬರಾವ್ರದಾರ. ಕಲ್ಲಿಗೆ ಕಸ ಹತ್ತೇತಿ, ಇವತ್ತು ಸ್ವಚ್ಛ ತೊಳದು ಹೊಸಾ ಬಾಟ್ಲಿಗಿ ಹಾಕ್ತೇನಿ ಅಂತ ಮುಂಜಾನೆ ಅಂದ್ಳಲ್ರಿ."

"ಫೋನ್ ಮಾಡಿ ಹೇಳ್ರಿ!"

"ಮನ್ಯಾಗ ಆಕಿ ಒಬ್ಬಾಕಿನ. ನಮ್ಮಾಕಿ ಅಂಗನವಾಡಿಗೆ ಹೋಗಿರ್ತಾಳ. ಅವ್ವ ಫೋನ್ ಮುಟ್ಟಂಗಿಲ್ಲ."

ಮೂವತ್ತೊಂದು ವರ್ಷಗಳಲ್ಲಿ ಏಕನಾಥರು ಲ್ಯಾಬಿನ ಕೆಲಸಕ್ಕಾಗಿ ಯಾರ ಮನೆಗೂ ಹೋದವರಲ್ಲ. ಒಂದು ಡಬ್ಬಿ ಫಾರ್ಮಲಿನ್, ಚಿಮಟಿಗೆ, ಕೈಗವಸು ಚೀಲಕ್ಕೆ ಹಾಕಿಕೊಂಡು ಗದಗಿನ ಬಸ್ಸು ಹತ್ತಿದರು. ಪಕ್ಕದ ಸೀಟು ಎಂದಿನಂತೆ ಖಾಲಿ. ಎರಡೂ ಕಡೆ ಕರಿಮಣ್ಣಿನ ಹೊಲಗಳಲ್ಲಿ ಹತ್ತಿ ಬಿರಿದಿತ್ತು. ಏಕನಾಥರಿಗೆ ಕಾಣುತ್ತಿದ್ದುದು ನಲ್ಲಿಯ ಕೆಳಗಿನ ಒಂದು ತಾಟು, ಮೋರಿಗೆ ಹರಿಯುವ ಹಳದಿ ನೀರು.

ಶಿರಗುಪ್ಪಿಯಲ್ಲಿ ಮನೆ ಕೇಳಬೇಕಾಗಲಿಲ್ಲ. "ಬಾಳವ್ವನ ಮನಿ" ಎನ್ನುವಷ್ಟರಲ್ಲಿ ಗಿರಣಿಯವನು, "ಕಲ್ಲ ನೋಡಾಕ ಬಂದ್ರೇನು? ಸೀದಾ ಹೋಗಿ ಬಲಕ್ಕ ಹೊಳ್ರಿ," ಅಂದ.

ಕಟ್ಟೆಯ ಮೇಲೆ ಒಬ್ಬ ಹೆಂಗಸು ಕಾಲು ಚಾಚಿ ಕೂತಿದ್ದಳು. ಮುಂದೆ ಸ್ಟೀಲಿನ ತಾಟು, ಅದರಲ್ಲಿ ಕರಿ ಕಂದು ಬಣ್ಣದ ಕಲ್ಲುಗಳು. ಒಂದು ಕೈಯಲ್ಲಿ ಚಹಾ ಸೋಸುವ ಜರಡಿ. ಇನ್ನೊಂದು ಕೈಯಲ್ಲಿ ತಂಬಿಗೆ. ಜರಡಿಯಲ್ಲಿ ಏನೋ ಗಸಿ ಉಳಿದಿತ್ತು. ಅವಳು ಜರಡಿಯನ್ನು ಕಟ್ಟೆಯಾಚೆಯ ಗಟಾರಿನ ಕಡೆಗೆ ಚಾಚಿ, ಝಾಡಿಸಲು ಕೈಯೆತ್ತಿದಳು.

"ಚೆಲ್ಲಬ್ಯಾಡ್ರೀ!"

ತಮ್ಮ ದನಿ ಅಷ್ಟು ದೊಡ್ಡದಿದೆ ಎಂದು ಏಕನಾಥರಿಗೆ ಗೊತ್ತಿರಲಿಲ್ಲ. ಓಣಿಯ ನಾಯಿಯೊಂದು ಎದ್ದು ನಿಂತಿತು. ಬಾಳವ್ವನ ಕೈ ಅಲ್ಲೇ ನಿಂತಿತು.

"ಯಾರಪಾ ನೀವು? ಕಲ್ಲ ನೋಡಾಕ ಬಂದಿದ್ರ ಸಮಾಧಾನಲೆ ಬರ್ರಿ. ಒದರೂದ್ಯಾಕ? ಚಪ್ಪಲಿ ಅಲ್ಲೆ ಬಿಡ್ರಿ."

"ನಾ ಲ್ಯಾಬಿನವ. ಕಲ್ಲಲ್ಲರಿ. ಆ ಜರಡ್ಯಾಗ ಇದ್ದದ್ದು… ಅದನ್ನ ನೋಡಾಕ ಬಂದೇನಿ."

ಅವಳು ಅವರನ್ನು ಮೇಲಿಂದ ಕೆಳಗೆ ನೋಡಿದಳು. ಹದಿಮೂರು ದಿನಗಳಿಂದ ಊರೆಲ್ಲ ಬಂದು ಕಲ್ಲು ನೋಡಿ, ಎಣಿಸಿ, ಹೌಹಾರಿ ಹೋಗಿತ್ತು. ಕಸ ನೋಡಲು ಬಂದವನು ಇವನೊಬ್ಬನೇ. ಆಮೇಲೆ ಮೂಗು ಅರಳಿಸಿದಳು.

"ಅಯ್ಯ, ನಿಮ್ಮ ಮೈಯಾಗೂ ನನ್ನ ಬಾಟ್ಲಿ ವಾಸನಿನ ಐತಲ್ಲ! ದವಾಖಾನ್ಯಾಗ ಆಯಾ ಎರಡೂ ಬಾಟ್ಲಿಗಿ ಒಂದ ಡಬ್ಬಿಲೆ ನೀರ ಹಾಕಿದ್ಳು. ಕಲ್ಲ ನಾರಬಾರ್ದಂತ."

ಏಕನಾಥರು ಆ ಆಯಾಳಿಗೆ ಮನಸ್ಸಿನಲ್ಲೇ ಕೈಮುಗಿದರು. ಫಾರ್ಮಲಿನ್ನಿನಲ್ಲಿ ಇದ್ದರೆ ಚೂರು ಕೊಳೆತಿರಲಾರದು. ಬಾಳವ್ವನಿಗೆ ಸಾಬೂನಿನಿಂದ ಕೈ ತೊಳೆಯಲು ಹೇಳಿ, ಕೈಗವಸು ಹಾಕಿಕೊಂಡು, ಜರಡಿಯನ್ನು ಬೆಳಕಿಗೆ ಹಿಡಿದರು. ಪಿತ್ತದ ಮರಳು, ಲೋಳೆಯ ಎಳೆ. ಅದರ ಕೆಳಗೆ, ಜರಡಿಯ ಅಂಚಿಗೆ ಆತುಕೊಂಡು, ಗೋಡಂಬಿಯಷ್ಟು ದೊಡ್ಡ, ಹೂಕೋಸಿನಿಂದ ಮುರಿದ ತುಣುಕಿನಂಥದು. ತಿರುಗಿಸಿದರು. ಕೆಳಗೊಂದು ಹರಿದ ತೊಟ್ಟು. ಅದನ್ನು ಚಿಮಟಿಗೆಯಿಂದ ಎತ್ತಿ ಡಬ್ಬಿಗೆ ಇಳಿಸಿದರು. ಅಂಚಿಗೆ ಅಂಟಿದ ಚಿಕ್ಕ ಚೂರುಗಳನ್ನೂ ಒಂದೊಂದಾಗಿ ಆರಿಸಿದರು.

"ಆ ಗಸಿಗೆ ಅಷ್ಟೊಂದು ಮರ್ಯಾದಿ. ನನ್ನ ಕಲ್ಲಿಗೇನೂ ಇಲ್ಲೇನು?" ಅಂದಳು ಬಾಳವ್ವ.

"ಕಲ್ಲ ನೀವ ಇಟ್ಟುಕೋರಿ. ಬೇಕಂದ್ರ ನಾನ ತೊಳದು ಕೊಡ್ತೇನಿ."

ತೊಳೆದುಕೊಟ್ಟರು. ಹದಿನಾಲ್ಕು ಕಲ್ಲು, ಒರೆಸಿ, ಹೊಸ ಬಾಟಲಿಗೆ. ಅವಳು ಬಾಟಲಿಯನ್ನು ಮಡಿಲಲ್ಲಿಟ್ಟುಕೊಂಡಳು.

"ನಮ್ಮನಿಯವರು ಹ್ವಾದ ಮ್ಯಾಲೆ ಈ ಕಟ್ಟಿ ಮ್ಯಾಲೆ ಯಾರೂ ಕುಂತಿದ್ದಿಲ್ಲ ನೋಡ್ರಿ. ಕಲ್ಲ ಬಂದಮ್ಯಾಲೆ ದಿನಾ ನಾಕ ಮಂದಿ. ಇನ್ನೊಂದ ವಾರ. ಆಮ್ಯಾಲೆ ಅವೂ ಹಳೇವು ಆಕ್ಕಾವ." ಆಮೇಲೆ ತಲೆಯೆತ್ತಿ ನೇರ ನೋಡಿದಳು. "ಅದೇನು, ಕೆಟ್ಟದ್ದೈತೇನು?"

ಏಕನಾಥರು ಈ ಪ್ರಶ್ನೆಯನ್ನು ಯಾವ ಬಾಯಿಂದಲೂ ಕೇಳಿದವರಲ್ಲ. ಮೇಣದ ಬಿಲ್ಲೆಗಳು ಪ್ರಶ್ನೆ ಕೇಳುವುದಿಲ್ಲ. "ಗೊತ್ತಿಲ್ಲರಿ. ಅದಕ್ಕ ಒಯ್ಲಿಕತ್ತೇನಿ," ಅಂದರು.

"ಇಷ್ಟ ಖರೇ ಹೇಳಿದ್ರೆಲ್ಲ, ಸಾಕು. ಊಟದ ಹೊತ್ತಾತು, ಉಂಡ ಹೋಗ್ರಿ."

ಬೇಡವೆನ್ನಲು ಅವರು ಬಾಯಿ ತೆರೆಯುವಷ್ಟರಲ್ಲಿ ರೊಟ್ಟಿ ಬಂತು. ರೊಟ್ಟಿಯ ಪಕ್ಕ ಬದನೆಕಾಯಿ ಎಣ್ಣೆಗಾಯಿ. ಏಕನಾಥರು ಕೈ ಹಿಂದೆ ತೆಗೆದರು. ಬಾಳವ್ವ ಎದುರಿಗೇ ಕೂತಳು. ತನಗೆ ಡಾಕ್ಟರು ಎಣ್ಣೆ ಬೇಡವೆಂದಿದ್ದಾರೆ ಎಂದು ಬರೀ ಮಜ್ಜಿಗೆ ಹಾಕಿಕೊಂಡಳು. ಎಷ್ಟು ತಡೆದರೂ ಅವರ ಬೆರಳು ಕೇಳಲಿಲ್ಲ. ಕುತ್ತಿಗೆಯಿಂದ ತಳಕ್ಕೆ ಸೀಳಿತು, ಬಿಡಿಸಿತು, ಸವರಿತು. ಬಾಯಿಯನ್ನು ಮಾತ್ರ ಬಿಗಿಹಿಡಿದರು.

"ಹುಳಾ ನೋಡಾಕತ್ತೀರೇನು? ನೋಡ್ರಿ, ನೋಡ್ರಿ," ಅಂದಳು ಬಾಳವ್ವ. "ನಾನೂ ಸೀಳಿ ನೋಡೇ ತಿಂತೇನಿ. ನೋಡದ ತಿನ್ನಾವ್ರನ್ನ ಕಂಡ್ರ ನನಗ ಆಗಂಗಿಲ್ಲ."

ಅವಳು ಎದ್ದು ಹೋಗಲಿಲ್ಲ. ಇನ್ನೊಂದು ರೊಟ್ಟಿ ಹಾಕಿದಳು. ಏಕನಾಥರು ಮೂರು ರೊಟ್ಟಿ ತಿಂದರು. ಅವರ ಲೆಕ್ಕ ಎರಡು.

"ಪಲ್ಯಾ ಛಲೋ ಆಗೇದರಿ," ಅಂದರು.

ಆಮೇಲಿನ ಒಂದು ವಾರ ಅವರಿಗೆ ಹೊಸದು. ಗಡ್ಡೆಯ ಒಂದು ಎಳೆಯನ್ನೂ ಬಿಡದೆ, ಪಿತ್ತಕೋಶದ ಗೋಡೆಯ ಒಂದು ಅಂಗುಲವನ್ನೂ ಬಿಡದೆ ಮೇಣದಲ್ಲಿ ಕೂರಿಸಿದರು. ಮೂರು ಚೂರಿನ ಕೆಲಸಕ್ಕೆ ಇಪ್ಪತ್ತಾರು ಬಿಲ್ಲೆ. ಕೂದಲಿಗಿಂತ ತೆಳ್ಳಗೆ ಕೊಯ್ದು, ಬೆಚ್ಚಗಿನ ನೀರಿನ ಮೇಲೆ ತೇಲಿಸಿ, ಗಾಜಿಗೆ ಏರಿಸಿದರು. ಕೊಟ್ಟ ಸ್ಲೈಡಿನ ಫಲ ಏನಾಯಿತೆಂದು ಅವರು ಎಂದೂ ಕೇಳಿದವರಲ್ಲ. ಕೇಳಿದರೆ ಕೆಲಸ ಮಾಡಲಾಗುವುದಿಲ್ಲ ಎಂದು ಆಗ ಲ್ಯಾಬಿನಲ್ಲಿದ್ದ ಹಿರಿಯ ಗುಲಾಬಸಾಬರು ಮೊದಲ ದಿನವೇ ಕಲಿಸಿದ್ದರು. ಈ ಸಲ ಡಾಕ್ಟರ ಕೋಣೆಯ ಮುಂದೆ ಕಾರಣವಿಲ್ಲದೆ ನಾಲ್ಕು ಸಲ ಓಡಾಡಿದರು. ಭಾನುವಾರ ಮನೆಯಲ್ಲಿ ಅರ್ಧ ಲೋಟ ಅಕ್ಕಿ ಕುಕ್ಕರಿಗೆ ಹಾಕಿ, ಸೀಟಿ ಹೊಡೆಯುವವರೆಗೆ ಅದರ ಮುಂದೆಯೇ ನಿಂತಿದ್ದರು. ಆ ಮನೆಯಲ್ಲಿ ಅವರಿಗೆ ಕೇಳುವಂತೆ ದನಿ ಎತ್ತುವುದು ಅದೊಂದೇ.

ಬುಧವಾರ ಋತುಜಾ ಬಾಗಿಲಿಗೆ ಬಂದು ನಿಂತಳು. ಕಣ್ಣು ಕೆಂಪಾಗಿದ್ದವು, ಎರಡು ದಿನ ಅವನ್ನು ಸೂಕ್ಷ್ಮದರ್ಶಕಕ್ಕೆ ಒತ್ತೆಯಿಟ್ಟಿದ್ದಳು.

"ಕಾಕಾ, ಒಳಗ ಇಳದಿಲ್ಲ. ಇಪ್ಪತ್ತಾರೂ ನೋಡಿದೆ, ಎರಡೆರಡು ಸಲ. ಜೀವಕೋಶ ಅಲ್ಲಲ್ಲಿ ಭಾಳ ಕೆಟ್ಟಾವ, ಆದ್ರ ಹೊಸ್ತಲ ದಾಟಿಲ್ಲ. ಗೋಡಿ ಸ್ವಚ್ಛ, ಕುತ್ತಿಗಿ ಅಂಚೂ ಸ್ವಚ್ಛ. ಮತ್ತ ಕೊಯ್ಯೂದು ಬ್ಯಾಡ. ಆರು ತಿಂಗಳಿಗೊಮ್ಮೆ ಸ್ಕ್ಯಾನ್ ಮಾಡಿಸ್ಕೋತ ಇದ್ರ ಸಾಕು."

ಏಕನಾಥರು "ಛಲೋ ಆತು" ಎಂದು ಹೇಳಿ, ಒರೆಸಿದ್ದ ಮೇಜನ್ನೇ ಮತ್ತೆ ಒರೆಸತೊಡಗಿದರು.

ವರದಿ ಒಯ್ಯಲು ಶಂಭುಲಿಂಗನ ಜೊತೆ ಬಾಳವ್ವನೂ ಬಂದಳು. ಹೊಟ್ಟೆಯೊಳಗಿದ್ದದ್ದನ್ನು ಕಣ್ಣಾರೆ ನೋಡುತ್ತೇನೆಂದು ಹಟ ಹಿಡಿದಳು. ಋತುಜಾ ನಕ್ಕು ಸ್ಲೈಡು ಇಟ್ಟು, ಸ್ಟೂಲು ಎಳೆದುಕೊಟ್ಟಳು. ಬಾಳವ್ವ ಸೆರಗು ಸರಿಪಡಿಸಿಕೊಂಡು, ದೇವರ ಗರ್ಭಗುಡಿಗೆ ಇಣುಕುವವಳಂತೆ ಬಗ್ಗಿದಳು. ಗುಲಾಬಿ ಮತ್ತು ನೇರಳೆ ಬಣ್ಣದ ಸಾವಿರ ಎಲೆಗಳು, ಅಂಚಿಗೆ ಅಂಚು ಹೊಲಿದಂತೆ.

"ಯವ್ವಾ, ಕಸೂತಿ ಹಾಕಿದಂಗ ಐತಿ! ಇಷ್ಟ ಚೆಂದನ್ನ ಕೆಟ್ಟದ್ದು ಅಂತಾರೇನು?" ತಲೆಯೆತ್ತಿ ಏಕನಾಥರತ್ತ ತಿರುಗಿದಳು. "ಅಲ್ರಿ ಯಣ್ಣಾ, ಇವರು ಹೇಳಿದ್ರು, ನೀವು ಮೊದಲ ಸಲ ನೋಡಿ, ಮುಗಿಸಿ, ಬಾಟ್ಲಿಗಿ ಹಾಕಿದ್ರಂತ. ಆಮ್ಯಾಲೆ ಮತ್ತ ತಗದು ನೋಡಿದ್ರಂತ. ನೋಡದಿದ್ರ ನನ್ನ ಗತಿ ಏನಿತ್ತು? ಆ ಹೊತ್ತಿನ್ಯಾಗ ನಿಮಗೇನ ಹೊಳೀತು? ಯಾವ ದೇವರು ಬಂದು ಹೇಳ್ದ?"

ಶಂಭುಲಿಂಗ ಕೈ ಕಟ್ಟಿಕೊಂಡು ನಿಂತ. ಋತುಜಾಳೂ ಪೆನ್ನು ಕೆಳಗಿಟ್ಟಳು. ಈ ಪ್ರಶ್ನೆಯನ್ನು ಅವಳೂ ಕೇಳಬೇಕೆಂದಿದ್ದಳು. ಮೂವತ್ತೊಂದು ವರ್ಷದ ಅನುಭವ ಬಾಯಿಬಿಟ್ಟು ಏನು ಹೇಳೀತೆಂದು ಮೂವರೂ ಕಾದರು.

ಏಕನಾಥರು ಕೈಗವಸಿನ ಬೆರಳುಗಳನ್ನು ಒಂದೊಂದಾಗಿ ಎಳೆದು ತೆಗೆದರು.

"ಏನೂ ಇಲ್ರಿ," ಅಂದರು. "ಅವತ್ತ ಮಳಿ ಹತ್ತಿತ್ತು. ನಾ ಛತ್ರಿ ತಂದಿರ್ಲಿಲ್ಲ."